ಬೀಗರ ಕೈಗೆ ಗಾಡಿಯ ಕೀಲಿ ಕೊಡುವ ಮುನ್ನ

ಮನೆಗೆ ಬಂದ ಬೀಗರಿಗೆ ಇಲ್ಲವೆನ್ನುವುದು ನಮ್ಮ ಸೀಮೆಯ ನಾಲಗೆಗೆ ಒಗ್ಗದ ಮಾತು. ಕೈಕಾಲಿಗೆ ನೀರು ಕೊಟ್ಟು, ಜಮಖಾನ ಹಾಸಿ ಕೂರಿಸಿ, ಊಟವಾದ ಮೇಲೆಯೇ ಬಂದ ಕಾರಣವನ್ನು ಕೇಳುವುದು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ವಾಡಿಕೆ. ಬಂದವರು ಬೇಡಿದ ವಸ್ತು ಮನೆಯಲ್ಲಿದ್ದರೆ ಕೊಡುವುದೂ ಆ ವಾಡಿಕೆಯ ಒಂದು ಅಂಗವೇ ಆಗಿದೆ. ನಾವು ಮಠದಲ್ಲಿ ಓದುತ್ತಿದ್ದ ಕಾಲಕ್ಕೆ ಇಂತಹ ಬೇಡಿಕೆ ಎತ್ತು-ಚಕ್ಕಡಿಗೆ ಸೀಮಿತವಾಗಿತ್ತು. ಚಕ್ಕಡಿ ಹೊಡೆಯುವವನು ತೂಕಡಿಸಿದರೂ ಎತ್ತುಗಳು ಮನೆಯ ದಾರಿಯನ್ನು ತಾವೇ ಹಿಡಿಯುತ್ತಿದ್ದವು. ಇಂದು ಆ ಜಾಗಕ್ಕೆ ಕಾರು, ಬೈಕು, ಟ್ರ್ಯಾಕ್ಟರುಗಳು ಬಂದಿವೆ. “ಮಾವಾರ, ಒಂದ್ ತಾಸ್ ಗಾಡಿ ಕೊಡ್ರಿ, ಹುಬ್ಬಳ್ಳಿಗೆ ಹೋಗಿ ಬರ್ತೀನ್ರಿ” ಎಂದು ಅಳಿಯ ಕೇಳಿದೊಡನೆ ಗೂಟಕ್ಕೆ ತೂಗುಹಾಕಿದ್ದ ಕೀಲಿಕೈ ಅವನ ಕೈ ಸೇರುತ್ತದೆ. ಎತ್ತಿಗಿದ್ದ ಬುದ್ಧಿ ಮೋಟಾರಿಗಿಲ್ಲವೆಂಬುದನ್ನು ಆ ಗಳಿಗೆಯಲ್ಲಿ ಯಾರೂ ನೆನೆಯುವುದಿಲ್ಲ.

ಹುಬ್ಬಳ್ಳಿ-ಗದಗ ಹೆದ್ದಾರಿಯು ಅಣ್ಣಿಗೇರಿಯನ್ನು, ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯು ನವಲಗುಂದವನ್ನು, ಹುಬ್ಬಳ್ಳಿಯಿಂದ ಕರಾವಳಿಗಿಳಿಯುವ ದಾರಿಯು ಕಲಘಟಗಿಯನ್ನು ಹಾದುಹೋಗುತ್ತವೆ. ಹಳ್ಳಿಯ ಓಣಿಯಿಂದ ಹೊರಟ ಗಾಡಿ ಕೆಲವೇ ನಿಮಿಷಗಳಲ್ಲಿ ದೂರದೂರದ ಲಾರಿಗಳು ಓಡುವ ರಸ್ತೆಯನ್ನು ಸೇರಿರುತ್ತದೆ. ಅಲ್ಲಿ ಅನಾಹುತವಾದರೆ ಕಾನೂನು ಕೇಳುವ ಪ್ರಶ್ನೆಗಳಲ್ಲಿ “ಗಾಡಿ ಯಾರದು?” ಎಂಬುದು ಮೊದಲ ಸಾಲಿನಲ್ಲೇ ಇರುತ್ತದೆ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂಬ ಗಾದೆಯ ಅರ್ಥ ಅನೇಕ ಮನೆಗಳಿಗೆ ಹೊಳೆಯುವುದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆಯೇ. ಆದ್ದರಿಂದ ಈ ವಿಷಯವನ್ನು ಶರಣ ಬಂಧುಗಳ ಮುಂದೆ ತುಸು ವಿವರವಾಗಿ ಇಡಬೇಕೆಂದು ನಾವು ಬಯಸಿದ್ದೇವೆ.

ವಿಮೆ ವಾಹನದ್ದೋ, ಚಾಲಕನದ್ದೋ?

ಪರದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಬಂದ ಹಿರಿಯರು ಒಂದು ಮಾತನ್ನು ಹೇಳುತ್ತಾರೆ: “ನಮ್ಮ ಹೆಸರು ವಿಮೆಯಲ್ಲಿ ಇಲ್ಲವೆಂದು ಮಗ ಕಾರನ್ನು ಮುಟ್ಟಗೊಡಲಿಲ್ಲ.” ಇದು ಮಗನ ಕಠೋರತೆಯಲ್ಲ. ಬ್ರಿಟನ್ನಿನಲ್ಲಿ ಖಾಸಗಿ ಕಾರಿನ ವಿಮೆಯು ಸಾಮಾನ್ಯವಾಗಿ ಇಂತಿಂತಹ ಚಾಲಕರೆಂದು ಹೆಸರಿಸಿಯೇ ಬರೆಯಲ್ಪಡುತ್ತದೆ. ಆ ಹೆಸರಿನ ಹೊರಗಿನವನು ಓಡಿಸಿದರೆ ಅವನು ವಿಮೆಯಿಲ್ಲದ ಚಾಲಕ. ಅಲ್ಲಿಯ 1988ರ ರಸ್ತೆ ಸಂಚಾರ ಕಾಯಿದೆಯ ಪ್ರಕಾರ ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ಅಪರಾಧಿಯಾಗುತ್ತಾನೆ.

ನಮ್ಮ ದೇಶದ ಕ್ರಮ ಬೇರೆ. 1939ರ ಮೋಟಾರು ವಾಹನ ಕಾಯಿದೆಯಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯವು 1946ರ ಜುಲೈ 1ರಿಂದ ಜಾರಿಗೆ ಬಂದಿತು. ಈಗ ನಡೆಯುತ್ತಿರುವುದು 1989ರ ಜುಲೈ 1ರಿಂದ ಜಾರಿಯಲ್ಲಿರುವ 1988ರ ಕಾಯಿದೆ. ಇದರ 146ನೆಯ ಕಲಮಿನಂತೆ, ಅನ್ಯರಿಗೆ ಆಗಬಹುದಾದ ಹಾನಿಯ ವಿಮೆಯಿಲ್ಲದೆ ವಾಹನವನ್ನು ರಸ್ತೆಗೆ ಇಳಿಸುವಂತಿಲ್ಲ, ಇಳಿಸಲು ಬೇರೊಬ್ಬನಿಗೆ ಬಿಡುವಂತೆಯೂ ಇಲ್ಲ. ಆದರೆ ನಮ್ಮಲ್ಲಿ ಆ ವಿಮೆ ಗಾಡಿಯನ್ನು ಹಿಂಬಾಲಿಸುತ್ತದೆಯೇ ಹೊರತು ಚಾಲಕನ ಹೆಸರನ್ನಲ್ಲ. ವಿಮೆ ಚಾಲ್ತಿಯಲ್ಲಿದ್ದು, ಸರಿಯಾದ ಚಾಲನಾ ಪರವಾನಿಗೆಯುಳ್ಳ ನೆಂಟನು ಮಾಲೀಕನ ಒಪ್ಪಿಗೆಯಿಂದ ಓಡಿಸಿದರೆ, ದಾರಿಹೋಕನಿಗೆ ಆದ ಹಾನಿಯನ್ನು ವಿಮಾ ಕಂಪನಿಯೇ ತುಂಬಿಕೊಡಬೇಕಾಗುತ್ತದೆ. ಆದಕಾರಣ ನೆಂಟರಿಗೆ ಗಾಡಿ ಕೊಡುವುದೇ ತಪ್ಪೆಂದು ಯಾರೂ ಭಯಪಡಬೇಕಾಗಿಲ್ಲ. ತೊಂದರೆ ಒಳಗೆ ಬರುವುದು ಮೂರು ಬಾಗಿಲುಗಳಿಂದ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಬಾಗಿಲು: ಪರವಾನಿಗೆ

ಪರವಾನಿಗೆ ಇಲ್ಲದವನ ಕೈಗೆ ಮಾಲೀಕನು ವಾಹನ ಕೊಡಬಾರದೆಂದು ಕಾಯಿದೆಯ 5ನೆಯ ಕಲಮು ವಿಧಿಸುತ್ತದೆ. ಕೊಟ್ಟರೆ 180ನೆಯ ಕಲಮಿನಂತೆ ಮಾಲೀಕನಿಗೆ 3 ತಿಂಗಳವರೆಗಿನ ಸೆರೆ, ಅಥವಾ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಓಡಿಸಿದವನಿಗೆ ಆಗುವ ಶಿಕ್ಷೆ ಬೇರೆ. ರಜೆಗೆ ಬಂದ ತಂಗಿಯ ಮಗನಿಗೆ ಇನ್ನೂ 18 ತುಂಬಿಲ್ಲವಾದರೆ ಪ್ರಸಂಗ ಮತ್ತಷ್ಟು ಬಿಗಿಯಾಗುತ್ತದೆ. 2019ರ ತಿದ್ದುಪಡಿಯಿಂದ ಸೇರಿದ ಕಲಮಿನಂತೆ, ಬಾಲಕನು ಮಾಡಿದ ವಾಹನ ಅಪರಾಧಕ್ಕೆ ಅವನ ಪಾಲಕನೋ ವಾಹನದ ಮಾಲೀಕನೋ 3 ವರ್ಷದವರೆಗಿನ ಸೆರೆಗೂ 25,000 ರೂಪಾಯಿ ದಂಡಕ್ಕೂ ಗುರಿಯಾಗುತ್ತಾನೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಪರವಾನಿಗೆ ಸಿಗುವುದಿಲ್ಲ. “ಓಣಿಯೊಳಗ ಒಂದ್ ಸುತ್ತು ಹೊಡ್ಕೊಂಡ್ ಬರ್ಲಿ ಬಿಡ್ರಿ” ಎಂಬ ಸಲಿಗೆಯ ಬೆಲೆ ಇಷ್ಟು.

ದಂಡಕ್ಕಿಂತ ದೊಡ್ಡದು ಪರಿಹಾರದ ಹೊರೆ. ಪರವಾನಿಗೆ ಇಲ್ಲದವನು ಓಡಿಸಿದನೆಂಬುದು ವಿಮಾ ಕಂಪನಿಯು ನ್ಯಾಯಮಂಡಳಿಯ ಮುಂದೆ ಎತ್ತಬಹುದಾದ ಮುಖ್ಯ ಆಕ್ಷೇಪಣೆಗಳಲ್ಲಿ ಒಂದು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು 2004ರ ಜನವರಿಯಲ್ಲಿ ಕೊಟ್ಟ ಪ್ರಸಿದ್ಧ ತೀರ್ಪು ಈ ವಿಷಯವನ್ನು ವಿಶದಪಡಿಸಿತು. ಪರವಾನಿಗೆ ಇರಲಿಲ್ಲವೆಂದು ಹೇಳಿದರೆ ಸಾಲದು, ಮಾಲೀಕನು ಅರಿತೋ ಅಲಕ್ಷ್ಯದಿಂದಲೋ ಹಾಗೆ ಮಾಡಿದನೆಂದು ಕಂಪನಿ ಸಿದ್ಧಪಡಿಸಬೇಕು. ಸಿದ್ಧವಾದರೂ ನೊಂದ ಕುಟುಂಬಕ್ಕೆ ಮೊದಲು ಹಣ ಕೊಡಿಸಿ, ಅದನ್ನು ಮಾಲೀಕನಿಂದ ಮರಳಿ ವಸೂಲು ಮಾಡಿಕೊಳ್ಳಲು ಕಂಪನಿಗೆ ಬಿಡಬಹುದು ಎಂಬುದು ಅದರ ಸಾರ. ವಕೀಲರ ಬಾಯಲ್ಲಿ ಇದು “ಕೊಟ್ಟು ವಸೂಲು ಮಾಡು” ಎಂಬ ಸೂತ್ರವಾಗಿದೆ. ನೊಂದವರಿಗೆ ಇದು ಕರುಣೆ, ಅಲಕ್ಷ್ಯ ಮಾಡಿದ ಮಾಲೀಕನಿಗೆ ಮಾತ್ರ ಸಾಲದ ಪತ್ರ.

ಆದರೆ ಎಚ್ಚರ ವಹಿಸಿದ ಮಾಲೀಕನನ್ನು ನ್ಯಾಯಾಲಯ ಕೈಬಿಟ್ಟಿಲ್ಲ. ಪರವಾನಿಗೆಯುಳ್ಳ ಚಾಲಕನಿಗೆ ಲಾರಿ ಒಪ್ಪಿಸಿದ್ದ ಮಾಲೀಕನೊಬ್ಬನ ಪ್ರಕರಣದಲ್ಲಿ, ಆ ಚಾಲಕನು ಕೆಳಗಿಳಿದಾಗ ಕ್ಲೀನರನು ಓಡಿಸಿ ಅಪಘಾತ ಮಾಡಿದ್ದನು. ಮಾಲೀಕನ ಕಡೆಯಿಂದ ಕರಾರಿನ ಭಂಗವಾಗಿಲ್ಲವೆಂದು 1987ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿತು. ಚಾಲಕನು ತೋರಿಸಿದ ಪರವಾನಿಗೆಯನ್ನು ನೋಡಿ, ಅವನಿಗೆ ಓಡಿಸಲು ಬರುತ್ತದೆಯೆಂದು ಖಾತರಿ ಮಾಡಿಕೊಂಡರೆ ಸಾಕು, ಅದು ಅಸಲಿಯೋ ನಕಲಿಯೋ ಎಂದು ಕೊಟ್ಟ ಕಚೇರಿಯವರೆಗೆ ಹೋಗಿ ವಿಚಾರಿಸುವುದು ಮಾಲೀಕನ ಕರ್ತವ್ಯವಲ್ಲವೆಂದು 2022ರ ಜುಲೈಯಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ನೋಡಿ ಕೊಟ್ಟವನಿಗೂ ನೋಡದೆ ಕೊಟ್ಟವನಿಗೂ ಇರುವ ಅಂತರ ಇಷ್ಟೇ, ಆದರೆ ಈ ಅಂತರದಲ್ಲಿ ಒಂದು ಮನೆತನದ ಆಸ್ತಿ ಉಳಿಯಬಹುದು ಅಥವಾ ಅಳಿಯಬಹುದು.

ಪರವಾನಿಗೆಯಲ್ಲಿ ನೋಡಬೇಕಾದದ್ದು ಎರಡು: ಅವಧಿ ಮತ್ತು ವಾಹನದ ವರ್ಗ. ಬೈಕಿನ ಪರವಾನಿಗೆಯು ಕಾರಿಗೆ ಸಲ್ಲದು. ಲಘು ವಾಹನದ ಪರವಾನಿಗೆಯುಳ್ಳವನು 7500 ಕಿಲೋ ತೂಕದೊಳಗಿನ ಸಾಗಣೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ಹೇಳಿದ್ದರಿಂದ ಸಣ್ಣ ಸರಕು ಗಾಡಿಗಳ ಮಾಲೀಕರ ಬಹುದಿನದ ಗೊಂದಲ ನೀಗಿದೆ. ಕಲಿಯುವವರ ಪರವಾನಿಗೆ ಇದ್ದವನು, ಪಕ್ಕದಲ್ಲಿ ಪರವಾನಿಗೆಯುಳ್ಳ ಕಲಿಸುವವನಿಲ್ಲದೆ ಕಾರು ಓಡಿಸುವಂತಿಲ್ಲ. ಪರದೇಶದಿಂದ ಬಂದ ಅಳಿಯನ ಬಳಿ ಆ ದೇಶದ ಪರವಾನಿಗೆ ಮಾತ್ರ ಇದ್ದರೆ ಅಷ್ಟೇ ಸಾಲದು, ಅದರೊಡನೆ ಅಂತರರಾಷ್ಟ್ರೀಯ ಚಾಲನಾ ಅನುಮತಿ ಪತ್ರವನ್ನು ತಂದಿರಬೇಕು. ಇಲ್ಲವೇ ಅವರ ಹಳೆಯ ಭಾರತೀಯ ಪರವಾನಿಗೆಯ ಅವಧಿ ಇನ್ನೂ ಮುಗಿದಿರಬಾರದು.

ಹೊರೆಯ ಅಳತೆ

ಪರಿಹಾರವೆಂದರೆ ಐದು-ಹತ್ತು ಸಾವಿರದ ಮಾತೆಂದು ಭಾವಿಸುವ ಹಿರಿಯರು ಇನ್ನೂ ಇದ್ದಾರೆ. ಸುಪ್ರೀಂ ಕೋರ್ಟು 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಲೆಕ್ಕವನ್ನು ಒಂದು ಊಹೆಯ ನಿದರ್ಶನದಿಂದ ತಿಳಿಯೋಣ. ಸ್ವಂತ ದುಡಿಮೆಯ, ತಿಂಗಳಿಗೆ 15,000 ರೂಪಾಯಿ ಗಳಿಸುವ 32 ವರ್ಷದ ಗೃಹಸ್ಥನು ಅಪಘಾತದಲ್ಲಿ ಮೃತನಾದನೆನ್ನೋಣ. ಮನೆಯಲ್ಲಿ ಅವನನ್ನು ನಂಬಿದವರು ನಾಲ್ವರು. ಮುಂದಿನ ಗಳಿಕೆಯ ಏರಿಕೆಗೆಂದು ಶೇಕಡಾ 40 ಕೂಡಿಸಿದರೆ 21,000 ಆಯಿತು. ಅವನ ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಪಾಲನ್ನು ಕಳೆದರೆ 15,750 ಉಳಿಯಿತು. ವರ್ಷಕ್ಕೆ 1,89,000. ಆ ವಯಸ್ಸಿಗೆ ನಿಗದಿಯಾದ ಗುಣಕ 16. ಅಲ್ಲಿಗೆ ಮೊತ್ತ 30,24,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಸಾಂಗತ್ಯದ ನಷ್ಟ ಮತ್ತು ಬಡ್ಡಿ ಇದರ ಮೇಲೆ.

ಈ ಹಣವನ್ನು ಮಾಲೀಕನು ಕೊಡದಿದ್ದರೆ ಏನಾಗುತ್ತದೆ? ಕಾಯಿದೆಯ 174ನೆಯ ಕಲಮಿನಂತೆ ನ್ಯಾಯಮಂಡಳಿಯು ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿ, ಭೂಕಂದಾಯದ ಬಾಕಿಯಂತೆ ಅದನ್ನು ವಸೂಲು ಮಾಡಿಸಬಹುದು. ಮಾಲೀಕನು ತೀರಿಕೊಂಡರೂ ಹೊಣೆ ಅವನೊಡನೆ ಮಣ್ಣಾಗುವುದಿಲ್ಲ. ಅವನು ಬಿಟ್ಟುಹೋದ ಆಸ್ತಿಯ ಮೇಲೆ ಉಳಿಯುತ್ತದೆ. ಹೀಗೆ ಒಂದು ತಾಸಿನ ಸಲಿಗೆಯು ಹೊಲದ ಉತಾರದವರೆಗೆ ಬಂದು ಮುಟ್ಟಬಲ್ಲದು.

ಎರಡನೆಯ ಬಾಗಿಲು: ಮುಗಿದ ಪಾಲಿಸಿ, ತಪ್ಪು ಬಳಕೆ

2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಅನ್ಯಹಾನಿ ವಿಮೆಯನ್ನು ಕೊಳ್ಳುವಾಗಲೇ ಮಾಡಿಸಬೇಕೆಂಬ ನಿಯಮ ಬಂದಿದೆ. ಇದು ಒಳ್ಳೆಯದೇ. ಆದರೆ ಐದು ವರ್ಷ ಕಟ್ಟುವ ಗೋಜಿಲ್ಲದೆ ಕಳೆದ ಮೇಲೆ ಆರನೆಯ ವರ್ಷ ಯಾರಿಗೂ ನೆನಪಾಗುವುದಿಲ್ಲ. ವಿಮೆಯಿಲ್ಲದ ಗಾಡಿಯನ್ನು ರಸ್ತೆಗೆ ಬಿಟ್ಟ ಮೊದಲ ತಪ್ಪಿಗೆ 3 ತಿಂಗಳವರೆಗಿನ ಸೆರೆ ಅಥವಾ 2000 ರೂಪಾಯಿ ದಂಡ ಅಥವಾ ಎರಡೂ ಉಂಟು. ಅದಕ್ಕಿಂತ ಮಿಗಿಲಾಗಿ, ಅಪಘಾತದ ಪೂರ್ಣ ಪರಿಹಾರವನ್ನು ಮಾಲೀಕ ಮತ್ತು ಚಾಲಕರೇ ಹೊರಬೇಕಾಗುತ್ತದೆ. ವಸೂಲು ಮಾಡಿಕೊಳ್ಳಲೆಂದಾದರೂ ಮೊದಲು ಹಣ ಕೊಡುವ ಕಂಪನಿ ಅಲ್ಲಿ ಇರುವುದೇ ಇಲ್ಲ.

ಕಾಗದದಲ್ಲಿ ಹೆಸರು ಬದಲಾಗದೆ ಉಳಿದ ಗಾಡಿಯೂ ಇಂತಹುದೇ ತೊಡಕು. ಹಳೆಯ ಬೈಕನ್ನು ಮೈದುನನಿಗೆ ಮಾರಿ ಅಥವಾ ಉಚಿತವಾಗಿ ಕೊಟ್ಟು, ನೋಂದಣಿ ಬದಲಿಸದೆ ಬಿಡುವುದು ನಮ್ಮಲ್ಲಿ ಸಾಮಾನ್ಯ. ಅಪಘಾತದ ದಿನ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವನೇ ಕಾಯಿದೆಯ ದೃಷ್ಟಿಯಲ್ಲಿ ಮಾಲೀಕನೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಆ ಪ್ರಕರಣದಲ್ಲಿ ವಾಹನವು ಹಲವರ ಕೈ ದಾಟಿಹೋಗಿದ್ದರೂ ಹೊಣೆ ಮೊದಲ ಹೆಸರಿನವನನ್ನು ಬಿಡಲಿಲ್ಲ.

ಇನ್ನು ಟ್ರ್ಯಾಕ್ಟರಿನ ಮಾತು. ಜಾತ್ರೆಗೋ ಮದುವೆಯ ದಿಬ್ಬಣಕ್ಕೋ ಬೀಗರು ಟ್ರ್ಯಾಕ್ಟರು ಕೇಳುತ್ತಾರೆ; ಟ್ರೇಲರಿನಲ್ಲಿ ಮೂವತ್ತು-ನಲವತ್ತು ಮಂದಿ, ಹೆಂಗಸರು, ಮಕ್ಕಳು ಏರುತ್ತಾರೆ. ಟ್ರ್ಯಾಕ್ಟರಿನ ವಿಮೆಯು ಕೃಷಿಯ ಬಳಕೆಗೆಂದು ಬರೆದದ್ದು. ಸರಕು ವಾಹನದಲ್ಲಿ ಸುಮ್ಮನೆ ಏರಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂಬುದು 2002ರ ಡಿಸೆಂಬರಿನ ಸುಪ್ರೀಂ ಕೋರ್ಟಿನ ತೀರ್ಪಿನಿಂದ ನೆಲೆನಿಂತ ನಿಯಮ. ಟ್ರೇಲರು ಮಗುಚಿದರೆ ಪ್ರತಿಯೊಂದು ಕುಟುಂಬದ ಅಳಲೂ ಮಾಲೀಕನ ಬಾಗಿಲಿಗೇ ಬರುತ್ತದೆ. ದಿಬ್ಬಣಕ್ಕೆ ಬಸ್ಸೋ ಮ್ಯಾಕ್ಸಿಕ್ಯಾಬೋ ಗೊತ್ತುಮಾಡಿಕೊಟ್ಟು, ಬೇಕಾದರೆ ಅದರ ಬಾಡಿಗೆಯಲ್ಲಿ ಪಾಲು ಹಾಕುವುದು ಟ್ರ್ಯಾಕ್ಟರು ಕೊಡುವುದಕ್ಕಿಂತ ದೊಡ್ಡ ಉಪಕಾರ.

ಕಾರಿನೊಳಗೆ ಕುಳಿತವರ ಸ್ಥಿತಿಯನ್ನೂ ತಿಳಿದಿರಬೇಕು. ಕಾಯಿದೆಗೆ ಬೇಕಾದಷ್ಟೇ ಎಂದು ಮಾಡಿಸಿದ ಅಗ್ಗದ ವಿಮೆಯಲ್ಲಿ ಖಾಸಗಿ ಕಾರಿನಲ್ಲಿ ಜೊತೆಗೆ ಬಂದವರಿಗೆ ರಕ್ಷಣೆ ಸಿಗದು. ಸಮಗ್ರ ಪಾಲಿಸಿಯಲ್ಲಿ ಸಿಗುತ್ತದೆ. ಖಾಸಗಿ ಕಾರನ್ನು ಬಾಡಿಗೆ ಪಡೆದು ಕೊಟ್ಟರೆ ಅದು ಪಾಲಿಸಿಯ ಕರಾರನ್ನು ಮುರಿದಂತೆ. ಚಾಲಕನು ಮದ್ಯ ಸೇವಿಸಿದ್ದರೆ ಅದೂ ವಿಮಾ ಕಂಪನಿಯು ಹೂಡಬಹುದಾದ ಆಕ್ಷೇಪಣೆಯೆಂದು 2019ರ ತಿದ್ದುಪಡಿಯಲ್ಲಿ ಸೇರಿಸಲಾಗಿದೆ.

ಮೂರನೆಯ ಬಾಗಿಲು: ಓಡಿಸಿದವನ ಸ್ವಂತ ಪ್ರಾಣ

ಇದು ಎಲ್ಲಕ್ಕಿಂತ ಕಡಿಮೆ ತಿಳಿದಿರುವ, ಎಲ್ಲಕ್ಕಿಂತ ಹೆಚ್ಚು ಮನಕಲಕುವ ವಿಷಯ. ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಿಂದ ಒಬ್ಬನು ಪರಿಚಿತರ ಮೋಟಾರುಸೈಕಲ್ಲನ್ನು ಎರವಲು ಪಡೆದು ತನ್ನ ಊರಿಗೆ ಹೊರಟಿದ್ದನು. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿದ್ದ, ಕಬ್ಬಿಣದ ತಗಡು ಹೇರಿದ ಚಕ್ಕಡಿ ತಟ್ಟನೆ ನಿಂತಿತು. ಗಾಡಿ ಅದಕ್ಕೆ ಬಡಿದು, ಆಸ್ಪತ್ರೆ ಸೇರುವ ಮುನ್ನವೇ ಅವನ ಪ್ರಾಣ ಹೋಯಿತು. ಅವನ ಮಡದಿ ಮತ್ತು ಮನೆಯವರು ಆ ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಬೇಡಿದರು. ಕೆಳಗಿನ ನ್ಯಾಯಮಂಡಳಿ ಕೊಟ್ಟಿತು, ಹೈಕೋರ್ಟು ತಳ್ಳಿಹಾಕಿತು, ಮೊಕದ್ದಮೆ ದಿಲ್ಲಿಗೆ ಹೋಯಿತು. ಸುಪ್ರೀಂ ಕೋರ್ಟು 2009ರ ಮೇ ತಿಂಗಳಲ್ಲಿ ಹೇಳಿದ್ದು ಇದು: ಎರವಲು ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಮಾಲೀಕನು ತನ್ನ ಗಾಡಿಯಿಂದ ತನಗಾದ ಹಾನಿಗೆ ತಾನೇ ಪರಿಹಾರ ಕೊಡುವವನೂ ಬೇಡುವವನೂ ಆಗಲಾರನು. ಆದಕಾರಣ ತಪ್ಪು ಯಾರದೆಂದು ಸಿದ್ಧಪಡಿಸದೆಯೇ ಪರಿಹಾರ ಕೊಡಿಸುತ್ತಿದ್ದ ಅಂದಿನ ಕಲಮಿನಡಿ ಆ ಕುಟುಂಬಕ್ಕೆ ಹಕ್ಕಿಲ್ಲ. ಬೇರೆ ಕಲಮಿನಲ್ಲಿ ದಾರಿಯುಂಟೇ ಎಂದು ನೋಡಲು ಪ್ರಕರಣವನ್ನು ಹೈಕೋರ್ಟಿಗೆ ಮರಳಿ ಕಳಿಸಿತು. ವರ್ಷಗಳು ಉರುಳಿದ ಮೇಲೂ ಆ ಮನೆಯವರಿಗೆ ಸಿಕ್ಕದ್ದು ಮತ್ತೊಂದು ಸುತ್ತಿನ ವಿಚಾರಣೆ.

2020ರ ಜನವರಿಯಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲಿಯೂ ಇದೇ ತತ್ವವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಪಾಲಿಸಿಯ ಕರಾರಿನಂತೆ ಆ ಕುಟುಂಬಕ್ಕೆ ದೊರೆತದ್ದು 1 ಲಕ್ಷ ರೂಪಾಯಿ ಮಾತ್ರ. ಇದಿರು ಬಂದ ವಾಹನದ ತಪ್ಪಿದ್ದರೆ ಅದರ ಮಾಲೀಕ ಮತ್ತು ವಿಮಾ ಕಂಪನಿಯಿಂದ ಪರಿಹಾರ ಕೇಳಬಹುದು, ಆ ಮಾತು ಬೇರೆ. ಆದರೆ ತಾನಾಗಿ ಜಾರಿ ಬಿದ್ದರೆ, ಮರಕ್ಕೆ ಬಡಿದರೆ ಕೇಳುವುದು ಯಾರನ್ನು? 2018ರಿಂದ ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಬಂದಿದೆಯಾದರೂ ಅದು ಮಾಲೀಕನನ್ನು ಕುರಿತು ಬರೆದದ್ದು. ಎರವಲು ಒಯ್ದ ನೆಂಟನಿಗೂ ದಕ್ಕುವುದೆಂದು ನಂಬಿ ಕೂರಲಾಗದು.

ನಮ್ಮ ದೇಶದಲ್ಲಿ ನಿಜಕ್ಕೂ ವಿಮೆಯಿಲ್ಲದವನು ಹೀಗೆ ಗಾಡಿ ಕೇಳಿ ಒಯ್ದ ನೆಂಟನೇ ಆಗಿದ್ದಾನೆ. ಇದಕ್ಕೆ ಪರಿಹಾರ ಕಷ್ಟವಲ್ಲ. ಪ್ರತಿಯೊಬ್ಬ ವಯಸ್ಕನೂ ತನ್ನ ಹೆಸರಿನಲ್ಲಿಯೇ ಅಪಘಾತ ವಿಮೆ ಮಾಡಿಸಿಕೊಂಡಿರಬೇಕು. ಬ್ಯಾಂಕು ಖಾತೆಯುಳ್ಳ 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ರಕ್ಷಣೆ ಇದೆ. ಶಕ್ತಿಯುಳ್ಳವರು ಇದಕ್ಕಿಂತ ಹೆಚ್ಚಿನದನ್ನು ಮಾಡಿಸಬೇಕು. ಮಗಳನ್ನು ಕೊಡುವಾಗ ಅಳಿಯನ ಹೊಲವೆಷ್ಟೆಂದು ವಿಚಾರಿಸುವ ನಾವು, ಅವನ ಹೆಸರಿನಲ್ಲಿ ಅಪಘಾತ ವಿಮೆ ಇದೆಯೇ ಎಂದೂ ವಿಚಾರಿಸಿದರೆ ಅದರಲ್ಲಿ ಕುಂದಿಲ್ಲ.

ಅಪಘಾತವಾದ ಮೇಲೆ

ದುರ್ದೈವದಿಂದ ಅಪಘಾತವಾದರೆ ಮೊದಲ ಕರ್ತವ್ಯ ಗಾಯಗೊಂಡವರನ್ನು ಆಸ್ಪತ್ರೆಗೆ ಮುಟ್ಟಿಸುವುದು. ಕಾಯಿದೆಯ 134ನೆಯ ಕಲಮು ಚಾಲಕನ ಮೇಲೆ ಈ ಹೊಣೆ ಹೊರಿಸಿದೆ. ಪೊಲೀಸರಿಗೆ 24 ತಾಸಿನೊಳಗೆ ತಿಳಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಹಣವಿಲ್ಲವೆಂದು ಚಿಕಿತ್ಸೆ ನಿಲ್ಲದಂತೆ, 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ 7 ದಿನ 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಯ ಯೋಜನೆ ಜಾರಿಗೆ ಬಂದಿದೆ.

ಎರಡನೆಯ ಕರ್ತವ್ಯ ಸತ್ಯ. ಹಳ್ಳಿಯ ಹಿತೈಷಿಗಳು ಈ ಹೊತ್ತಿನಲ್ಲಿ ಒಂದು ಉಪಾಯ ಹೇಳಿಕೊಡುತ್ತಾರೆ: ಪರವಾನಿಗೆ ಇಲ್ಲದ ಹುಡುಗನನ್ನು ಬಚ್ಚಿಟ್ಟು, ಪರವಾನಿಗೆಯುಳ್ಳ ಅಣ್ಣನನ್ನೋ ತಂದೆಯನ್ನೋ ಚಾಲಕನೆಂದು ನಿಲ್ಲಿಸಿಬಿಡಿ ಎಂದು. ಇದನ್ನು ಉಪಕಾರವೆಂದು ಬಗೆಯಬೇಡಿರಿ. ಅಲಕ್ಷ್ಯದ ಚಾಲನೆಯ ಕ್ರಿಮಿನಲ್ ಹೊಣೆ ಸಾಮಾನ್ಯವಾಗಿ ಓಡಿಸಿದವನದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರ್ಷದವರೆಗೆ ಸೆರೆಯುಂಟು. ಓಡಿಸದವನು ಓಡಿಸಿದೆನೆಂದು ನಿಂತರೆ ಆ ಶಿಕ್ಷೆಗೆ ತಾನೇ ಕೊರಳೊಡ್ಡಿದಂತೆ. ಪ್ರಮಾಣ ಮಾಡಿ ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷ್ಯ ನುಡಿದರೆ 7 ವರ್ಷದವರೆಗೆ ಸೆರೆ ಬೇರೆ. ಯಾರು ಓಡಿಸುತ್ತಿದ್ದರೆಂದು ಪೊಲೀಸರು ಕೇಳಿದಾಗ ಹೆಸರು ಹೇಳುವುದು 133ನೆಯ ಕಲಮಿನಂತೆ ಮಾಲೀಕನ ಕರ್ತವ್ಯ. ಸುಳ್ಳು ಬಯಲಾದರೆ ಸತ್ಯವಾದ ಮಾತನ್ನೂ ನ್ಯಾಯಮಂಡಳಿ ನಂಬದಂತಾಗುತ್ತದೆ. ಇದಿರಿನ ಮನೆಯಲ್ಲಿ ಒಂದು ಜೀವ ಹೋಗಿರುವಾಗ ನಮ್ಮ ಮನೆಯಲ್ಲಿ ಸುಳ್ಳನ್ನು ಹೊಸೆಯುತ್ತ ಕೂರುವುದು, ನಡೆ-ನುಡಿ ಒಂದಾಗಿರಬೇಕೆಂದು ಕೇಳುತ್ತ ಬೆಳೆದವರಿಗೆ ತಕ್ಕುದಲ್ಲ.

ಕೇಳುವುದು ಅವಮಾನವಲ್ಲ

ಇಷ್ಟನ್ನೂ ಬರೆದದ್ದು ಬೀಗರನ್ನು ಬರಿಗೈಯಲ್ಲಿ ಕಳಿಸಿರೆಂದಲ್ಲ. ನಮ್ಮ ಅನೇಕ ಮನೆಗಳಲ್ಲಿ ತೊಂದರೆಗೆ ಮೂಲವಾಗಿರುವುದು ಔದಾರ್ಯವಲ್ಲ, ಸಂಕೋಚ. “ಲೈಸೆನ್ಸ್ ತೋರಿಸ್ರಿ ಅಂತ ಅಳಿಯಗ ಹೆಂಗ ಕೇಳೂದು?” ಎಂಬ ಒಂದು ಅಳುಕಿನಿಂದ ಎರಡು ಮನೆಗಳು ಬೀದಿಗೆ ಬರುವ ಪ್ರಸಂಗ ಬರಬಹುದು. ದಾಸೋಹದಲ್ಲಿ ಬಡಿಸುವವನು ಅನ್ನ ಬೆಂದಿದೆಯೇ ಎಂದು ಒಮ್ಮೆ ಹಿಸುಕಿ ನೋಡುವುದು ಉಣ್ಣುವವನ ಮೇಲಿನ ಅಕ್ಕರೆಯಿಂದಲೇ. ಪರವಾನಿಗೆ ನೋಡುವುದೂ ಹಾಗೆಯೇ.

ಮನೆಯಲ್ಲಿ ಒಂದು ಕಟ್ಟುಪಾಡು ಇದ್ದರೆ ಯಾರಿಗೂ ನೋವಾಗದು. ಗಾಡಿಯ ಕೀಲಿಯನ್ನು ಒಬ್ಬ ಹಿರಿಯರ ಕೈಯಲ್ಲಿಡಿರಿ. ವಿಮೆ ಮುಗಿಯುವ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಹಬ್ಬದ ದಿನದಂತೆ ಗುರುತು ಹಾಕಿರಿ. ಕೇಳಿದವರು ಮಗನೇ ಇರಲಿ, ಬೀಗರೇ ಇರಲಿ, ಪರವಾನಿಗೆಯ ಅವಧಿಯನ್ನೂ ವರ್ಗವನ್ನೂ ನೋಡಿಯೇ ಕೊಡಿರಿ. ಅದರದೊಂದು ಫೋಟೋ ಮೊಬೈಲಿನಲ್ಲಿ ಇರಲಿ. ಪರವಾನಿಗೆ ಇಲ್ಲವೆಂದರೆ, ಇರುವವರೊಬ್ಬರು ಜೊತೆಗೆ ಹೋಗಿ ತಾವೇ ಓಡಿಸಿಕೊಂಡು ಬರಲಿ. ಅದೂ ಆಗದಿದ್ದರೆ ಬಸ್ ನಿಲ್ದಾಣದವರೆಗೆ ಬಿಟ್ಟುಬರಲಿ. ಎಲ್ಲರಿಗೂ ಒಂದೇ ನಿಯಮವಾದರೆ ಯಾರಿಗೂ ಅದು ಚುಚ್ಚುವುದಿಲ್ಲ.

ಕೀಲಿಕೈಯನ್ನು ಎರವಲು ಕೊಡಬಹುದು, ಹೊಣೆಯನ್ನು ಎರವಲು ಕೊಡಲು ಬರುವುದಿಲ್ಲ. ಇದನ್ನು ನಮ್ಮ ಮನೆಗಳ ತಾಯಂದಿರು, ಹಿರಿಯರು ಮನಗಂಡು ಕಿರಿಯರಿಗೆ ತಿಳಿಹೇಳಲಿ. ಬೀಗರು ಬಂದಷ್ಟೇ ಸುಖವಾಗಿ ತಮ್ಮ ಊರನ್ನು ಸೇರಲಿ ಎಂದು ನಾವು ಹಾರೈಸುತ್ತೇವೆ.